ಬದರಿಗೆ ಜನ ಆರಿಸುತ್ತಿದ್ದ ಮಾಮ

ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದು ತುಳಸಿ ದಳ ಇರುತ್ತಿತ್ತು. ಬೆಳಗಿನ ಪೂಜೆ ಮುಗಿಸಿ ಸಿಕ್ಕಿಸಿಕೊಂಡದ್ದು ಮಧ್ಯಾಹ್ನದ ಹೊತ್ತಿಗೆ ಚೆನ್ನೈಯ ಪೆರಂಬೂರಿನ ಸೆಕೆಗೆ ಬಾಡಿ, ಒಗ್ಗರಣೆಗೆ ಬಿದ್ದ ಕರಿಬೇವಿನ ಹಾಗೆ ಕಪ್ಪಾಗಿ ಅಲ್ಲೇ ಅಂಟಿಕೊಂಡಿರುತ್ತಿತ್ತು. ಎಡಗಿವಿ ಇದ್ದೂ ಇಲ್ಲದಂತೆ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ಚಿಲ್ಲರೆ ವರ್ಷದ ಸುತ್ತಿಗೆ ಸದ್ದು ಅದನ್ನು ತಿಂದುಹಾಕಿತ್ತು. ಹಾಗಾಗಿ ಯಾರ ಮಾತು ಕೇಳಬೇಕಾದರೂ ಬಲಗಿವಿಯನ್ನು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಕಿವಿಯನ್ನು ಕಂಡರೆ ನಮ್ಮಮ್ಮನಿಗೆ ಕೈಕಾಲು ತಣ್ಣಗಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ವಠಾರದಲ್ಲಿ ಅವರು ಕೆಳಗಿನ ಮನೆ, ನಾವು ಮೇಲಿನ ಮನೆ. ನಾವು ಎಂದರೆ ಅಮ್ಮ ಮತ್ತು ವಿಮಾ ಆಫೀಸಿನಲ್ಲಿ ಕೆಲಸ ಮಾಡುವ, ಮದುವೆಯಾಗದ ಒಬ್ಬಳೇ ಮಗಳಾದ ನಾನು. ನನಗೆ ಅವರು ಮಾಮ. ಅಮ್ಮನಿಗೆ ರಾಯರು. ಅವರ ಅಜ್ಜ ರೈಲಿನ ಕೆಲಸ ಹಿಡಿದು ರಾಯಚೂರಿನಿಂದ ಮದರಾಸಿಗೆ ಬಂದವರಂತೆ. ಮೂರು ತಲೆಮಾರು ತಮಿಳಿನ ನಡುವೆ ಬದುಕಿದರೂ ಅವರ ಮನೆಯ ಕನ್ನಡ ಮಾತ್ರ ರಾಯಚೂರು ಬಿಟ್ಟು ಅಲ್ಲಾಡಿರಲಿಲ್ಲ. ಅಮ್ಮನನ್ನು ಅವರು "ವೈನಿ", ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನನ್ನನ್ನು "ತಂಗಿ". ಕರೆಯುವುದರಲ್ಲಿ ಇದ್ದ ಅಕ್ಕರೆ ಆಮೇಲಿನ ಮಾತಿನಲ್ಲಿ ಇರುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಅವರು ಹಿಡಿದ ಕೆಲಸ ಬದರೀಯಾತ್ರೆ. ಅಕ್ಷಯ ತೃತೀಯದ ಆಸುಪಾಸಿನಲ್ಲಿ ಬದರಿಯ ಗುಡಿಯ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಸರಿಯಾಗಿ ಹದಿನೆಂಟು ಜನರನ್ನು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಚೆನ್ನೈಯಿಂದ ಕರೆದುಕೊಂಡು ಹೋಗಿ ದರ್ಶನ ಮಾಡಿಸಿ ಕರೆತರುತ್ತಿದ್ದರು. ಲಾಭಕ್ಕಲ್ಲ, ಹುಚ್ಚಿಗೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಮಡಿ ಊಟ, ಯಾವ ಊರಿನಲ್ಲಿ ಯಾವ ಛತ್ರ, ಯಾವ ತಿರುವಿನಲ್ಲಿ ಯಾರಿಗೆ ವಾಂತಿಯಾಗುತ್ತದೆ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಸಿದ್ಧತೆ ಮಾಘಮಾಸದಲ್ಲೇ ಶುರು. ಭಾನುವಾರಗಳಂದು ಅವರ ಹಾಲಿನಲ್ಲಿ ಸಭೆ ಸೇರುತ್ತಿತ್ತು. ಟಿ. ನಗರದಲ್ಲಿ ಕೊಂಡು ತಂದ ಸ್ವೆಟರು, ಮಂಕಿ ಕ್ಯಾಪುಗಳನ್ನು ಎಲ್ಲರೂ ಹಾಕಿಕೊಂಡು, ಫ್ಯಾನು ಆರಿಸಿ, ಅರ್ಧ ಗಂಟೆ ಕೂರಬೇಕು. ತುರಿಸಿಕೊಂಡು ಟೋಪಿ ಕಿತ್ತವರಿಗೆ ಬೈಗುಳ. "ಇಲ್ಲೇ ಕಿತ್ತು ಒಗದವ್ರು ಅಲ್ಲಿ ಇಟ್ಕೋತೀರೇನು? ಕಿವಿಗೆ ಗಾಳಿ ಹೊಕ್ಕು ಸತ್ರ ನಿಮ್ಮ ಮಕ್ಕಳಿಗೆ ಉತ್ತರ ಕೊಡಾಂವ ನಾನು."

ಸ್ವೆಟರಿನ ಪರೀಕ್ಷೆ ತಮಾಷೆ. ನಿಜವಾದ ಪರೀಕ್ಷೆ ರೈಲ್ವೆ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೇಲೆ.

ಭಾನುವಾರ ಬೆಳಗ್ಗೆ ಆರಕ್ಕೆ ಎಲ್ಲರೂ ಸೇತುವೆಯ ಬುಡದಲ್ಲಿ ಸೇರಬೇಕು. ಒಬ್ಬೊಬ್ಬರಾಗಿ ಐದು ಕೇಜಿ ಅಕ್ಕಿಯ ಕೈಚೀಲ ಹಿಡಿದು, ಕಂಬಿ ಮುಟ್ಟದೆ, ನಡುವೆ ನಿಲ್ಲದೆ ಮೆಟ್ಟಿಲು ಹತ್ತಬೇಕು. ಹತ್ತಿದ ಕೂಡಲೇ, ಚೀಲ ಕೆಳಗಿಡುವ ಮುಂಚೆ, ಆಚಮನದ ಇಪ್ಪತ್ತನಾಲ್ಕು ನಾಮಗಳನ್ನು ಗಟ್ಟಿಯಾಗಿ ಹೇಳಬೇಕು. ಕೇಶವ, ನಾರಾಯಣ, ಮಾಧವ ಎಂದು ಶುರುಮಾಡಿ ಕೃಷ್ಣನ ತನಕ. ನಡುವೆ ಉಸಿರಿಗೆ ನಿಂತರೆ ಹೋಯಿತು. ಮಾಮ ಬಲಗಿವಿ ಚಾಚಿ ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಕಣ್ಣು ತೆರೆದು "ವಾಮನ" ಎಂದರೆ ವಾಮನ ಎನ್ನುವಲ್ಲಿ ನಿಂತಿರಿ, ಮನೆಗೆ ಹೋಗಿ ಎಂದರ್ಥ. ಪುಸ್ತಕದಲ್ಲಿ ಹೆಸರಿನ ಮೇಲೆ ಒಂದು ಗೆರೆ. ಅಪೀಲು ಇಲ್ಲ. ಸೇತುವೆಯ ಕೆಳಗೆ ಹೂ ಮಾರುವ ಹೆಂಗಸಿಗೂ ಇದೆಲ್ಲ ಗೊತ್ತಾಗಿಹೋಗಿತ್ತು. ತಲೆ ತಗ್ಗಿಸಿ ಇಳಿದು ಬರುವವರನ್ನು ನೋಡಿ "ಎನ್ನ ಸಾಮಿ, ಪಾಸಾ ಫೇಲಾ?" ಎಂದು ನಗುತ್ತಿದ್ದಳು.

ಅಲ್ಲಿಗೆ ಮುಗಿಯುತ್ತಿರಲಿಲ್ಲ. ನಪಾಸಾದವರಿಗೆ ಆ ಹೆಸರೇ ಅಂಟಿಕೊಳ್ಳುತ್ತಿತ್ತು. ಮಾಧವರಂನಿಂದ ಬರುತ್ತಿದ್ದ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಹತ್ತು ವರ್ಷ 'ಗೋವಿಂದದವರು' ಆಗಿಯೇ ಉಳಿದರು. ಗೋವಿಂದ ನಾಲ್ಕನೆಯ ಹೆಸರು. ಮಾಮನ ಹೆಂಡತಿ, ನನ್ನ ಬಾಯಲ್ಲಿ ಮಾಮಿ, ಈ ಪರೀಕ್ಷೆ ಶುರುವಾದ ವರ್ಷವೇ ಮೂರನೆಯ ಹೆಸರಿಗೆ ಕುಸಿದಿದ್ದರಂತೆ. ಆಮೇಲೆ ಮಾಮ ಹದಿನಾಲ್ಕು ಸಲ ಬದರಿಗೆ ಹೋಗಿಬಂದರು. ಮಾಮಿ ಹದಿನಾಲ್ಕು ಸಲ ಬುತ್ತಿ ಕಟ್ಟಿಕೊಟ್ಟರು.

"ಬದರಿಗೆ ಬಸ್ಸು ಬಾಗಿಲ ತನಕ ಹೋಗತ್ತಂತಲ್ಲ ರಾಯರೇ. ಮತ್ತೆ ಯಾಕೆ ಈ ಹಿಂಸೆ?" ಎಂದು ಅಮ್ಮ ಒಮ್ಮೆ ಕೇಳಿದಳು.

"ಬಸ್ಸು ಹೋಗ್ತದ ವೈನಿ. ಉಸಿರು ಹೋಗಂಗಿಲ್ಲ. ದೇವರಿಗೆ ಕರುಣಾ ಅದ, ಗುಡ್ಡಕ್ಕ ಇಲ್ಲ."

ಎರಡನೆಯ ವರ್ಷದ ಯಾತ್ರೆಯಲ್ಲಿ ಒಬ್ಬರು ಮೇಲೆಯೇ ತೀರಿಕೊಂಡಿದ್ದರು. ಅವರ ಮನೆಗೆ ಫೋನ್ ಮಾಡಿದವರು ಮಾಮ. ಆ ಮನೆಯವರು ಅಳುತ್ತಳುತ್ತಲೇ ಬದರಿಯಲ್ಲಿ ಸಾಯಲು ಪುಣ್ಯ ಮಾಡಿರಬೇಕು ಅಂದರಂತೆ. ಅದನ್ನು ನೆನೆಸಿಕೊಂಡಾಗಲೆಲ್ಲ ಮಾಮ ಸಿಡಿಯುತ್ತಿದ್ದರು. "ಪುಣ್ಯ ಅಂತ ಪುಣ್ಯ! ಮನಿಷಾ ಬಾಯಿ ತೆರಕೊಂಡು ಮೀನಿನಂಗ ಒದ್ದಾಡಿ ಸತ್ತಾನ. ಕರಕೊಂಡು ಹೋದವ್ರನ್ನ ಕರಕೊಂಡು ಬರಬೇಕು. ಅಷ್ಟ ನನ್ನ ಕೆಲಸ." ಸೇತುವೆಯ ಪರೀಕ್ಷೆ ಹುಟ್ಟಿದ್ದು ಆಮೇಲೆ.

ಅಮ್ಮನಿಗೆ ಬದರಿ ಬೇಕಾಗಿದ್ದುದು ಪುಣ್ಯಕ್ಕಲ್ಲ. ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಗಂಡುಮಕ್ಕಳಿಲ್ಲದ ಮನೆಯೆಂದು ಅಪ್ಪನ ಶ್ರಾದ್ಧವನ್ನು ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ, ಮಾಡುತ್ತಿದ್ದ. ಟಿ. ನಗರದಲ್ಲಿ ಮನೆ, ದೊಡ್ಡ ಆಫೀಸಿನಲ್ಲಿ ಕೆಲಸ. ಪ್ರತಿ ವರ್ಷ ತಿಥಿಗೆ ತಿಂಗಳು ಮುಂಚೆ ಅಮ್ಮ ಅವನಿಗೆ ಫೋನ್ ಮಾಡಬೇಕು. ಅವನು ಎತ್ತುವುದಿಲ್ಲ. ಒಮ್ಮೊಮ್ಮೆ ಮಕ್ಕಳು ಎತ್ತಿ ತಮಿಳಿನಲ್ಲಿ "ಅಪ್ಪಾ ಇಲ್ಲೆ", ಅಪ್ಪ ಮನೆಯಲ್ಲಿಲ್ಲ, ಎನ್ನುತ್ತಾರೆ. ಹಿಂದೆಯೇ ಅವನ ದನಿ ಕೇಳಿಸುತ್ತಿರುತ್ತದೆ. ಕೊನೆಗೆ ಒಪ್ಪಿ ಬಂದವನು ಪಿಂಡದ ಮುಂದೆ ಕೂತು ವಾಚು ನೋಡಿಕೊಳ್ಳುತ್ತಾನೆ. "ಚಿಕ್ಕಮ್ಮ, ಹನ್ನೊಂದಕ್ಕೆ ಮೀಟಿಂಗ್ ಇದೆ. ಮಂತ್ರ ಸ್ವಲ್ಪ ಶಾರ್ಟ್ ಮಾಡೋಕೆ ಹೇಳಿ." ಅಮ್ಮ ಪುರೋಹಿತರ ಕಡೆ ನೋಡುತ್ತಾಳೆ. ಪುರೋಹಿತರು ಶಾರ್ಟ್ ಮಾಡುತ್ತಾರೆ.

ಬದರಿಯ ಗುಡಿಯ ಹತ್ತಿರ, ನದಿಯ ದಡದಲ್ಲಿ ಬ್ರಹ್ಮಕಪಾಲ ಎಂಬ ಜಾಗವಿದೆ. ಅಲ್ಲಿ ಒಂದು ಸಲ ಪಿಂಡ ಇಟ್ಟರೆ ಆಮೇಲೆ ವರ್ಷ ವರ್ಷ ಶ್ರಾದ್ಧದ ಕಟ್ಟು ಇಲ್ಲ ಎಂಬುದು ಅಮ್ಮನ ನಂಬಿಕೆ. ಶಾಸ್ತ್ರ ಬಲ್ಲವರು ಹಾಗಲ್ಲ ಎನ್ನುತ್ತಾರೆ. ಶಾಸ್ತ್ರ ಬಲ್ಲವರಿಗೆ ನಮ್ಮ ಅಣ್ಣನಿಗೆ ಫೋನ್ ಮಾಡುವ ಕೆಲಸವಿರಲಿಲ್ಲ. ಅಲ್ಲೂ ಗಂಡಸೇ ಬೇಕು ಎಂದು ಎಲ್ಲರೂ ಅಂದರು. ಆದರೆ ಮಾಮನಿಗೆ ಅಲ್ಲಿ ಒಬ್ಬ ವೃದ್ಧ ಪುರೋಹಿತರು ಬಳಕೆ. ಮಾಮ ಜೊತೆಗೆ ನಿಂತು ಗೋತ್ರ ಹೇಳಿದರೆ ಅವರು ಹೆಂಗಸಿನ ಕೈಯಿಂದ ದರ್ಭೆ ತೆಗೆದುಕೊಂಡು ತಾವೇ ಪಿಂಡ ಇಟ್ಟುಕೊಡುತ್ತಿದ್ದರು. ಹಾಗೆ ಮೂರು ಜನ ವಿಧವೆಯರಿಗೆ ಮಾಡಿಸಿಕೊಂಡು ಬಂದಿದ್ದರು. ಹೀಗಾಗಿ ಅಮ್ಮನಿಗೆ ಬದರಿಯ ದಾರಿ ಮಾಮನ ಕಿವಿಯ ಮೂಲಕವೇ ಹೋಗಬೇಕಾಗಿತ್ತು.

ಮೊದಲ ವರ್ಷ ಅಮ್ಮ ಒಂಬತ್ತನೆಯ ಹೆಸರಿಗೆ ನಿಂತಳು. ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಮಾಮ ಕಣ್ಣು ತೆರೆದು, "ಏನ್ ವೈನಿ, ಶ್ರೀಧರಕ್ಕೇ ಕೂತಿರಲ್ಲ? ಬದ್ರಿನಾರಾಯಣ ಪೆರಂಬೂರಿಗೇ ಬರಬೇಕೇನು?" ಎಂದರು. ಸೇರಿದ್ದವರೆಲ್ಲ ನಕ್ಕರು. ಅಮ್ಮನೂ ನಕ್ಕಳು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟಳು. ನಲ್ಲಿಯ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಅದಾದ ಮೇಲೆ ಒಂದು ವರ್ಷ ಅಮ್ಮ ನಮ್ಮ ವಠಾರದ ಮೆಟ್ಟಿಲನ್ನು ಅಕ್ಕಿ ಚೀಲ ಹಿಡಿದು ಹತ್ತಿ ಇಳಿದಳು. ಅರವತ್ತೆಂಟು ವಯಸ್ಸು. ಪಾತ್ರೆ ತೊಳೆಯುತ್ತ ಕೇಶವ ನಾರಾಯಣ, ಬಟ್ಟೆ ಹಿಂಡುತ್ತ ತ್ರಿವಿಕ್ರಮ ವಾಮನ. ಕೆಳಗಿನ ಮನೆಯಲ್ಲಿ ಮಾಮ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರೇ ಎಂಬುದು ತಿಳಿಯದು. ಒಂದು ದಿನವಾದರೂ "ಭೇಷ್" ಎನ್ನಲಿಲ್ಲ.

ಎರಡನೆಯ ವರ್ಷ ಅಮ್ಮ ಒಂದೇ ಹದದಲ್ಲಿ ಮೇಲೆ ಬಂದಳು. ಹೆಸರುಗಳು ನಿಲ್ಲದೆ ಬಂದವು. ಸಂಕರ್ಷಣ ದಾಟಿತು, ಪುರುಷೋತ್ತಮ ದಾಟಿತು, ಜನಾರ್ದನ, ಉಪೇಂದ್ರ. "ಹರಿ" ಎಂದಳು. ಎಂದವಳು ಕೆಮ್ಮಿದಳು. ಕೆಮ್ಮು ನಿಂತ ಮೇಲೆ "ಕೃಷ್ಣ" ಎಂದಳು.

ಮಾಮ ಕಣ್ಣು ತೆರೆದರು. "ಹರಿ" ಎಂದರು.

ಎಲ್ಲರೂ ಮುತ್ತಿಕೊಂಡರು. ಬಿಡಿ ರಾಯರೇ, ಒಂದು ಹೆಸರು, ಒಂದು ಕೆಮ್ಮು ಎಂದರು. ನಾನು ನನ್ನ ಮಾನ ಮರ್ಯಾದೆ ಬಿಟ್ಟು ಆ ಸೇತುವೆಯ ಮೇಲೆ ಅವರ ಕಾಲು ಮುಟ್ಟಿದೆ. "ಇಪ್ಪತ್ಮೂರಕ್ಕ ಇಪ್ಪತ್ನಾಲ್ಕು ಅನ್ನಂಗಿಲ್ಲ ತಂಗಿ," ಎಂದು ಕಾಲು ಹಿಂದಕ್ಕೆ ತೆಗೆದುಕೊಂಡು ಪುಸ್ತಕದಲ್ಲಿ ಗೆರೆ ಎಳೆದರು. ಇಳಿಯುವಾಗ ಹೂವಿನವಳು ಎಂದಿನಂತೆ ಕೇಳಿದಳು. ಅಮ್ಮನೇ ಉತ್ತರ ಕೊಟ್ಟಳು, ತಮಿಳಿನಲ್ಲಿ. "ಫೇಲ್ ಮಾ."

ಆ ವರ್ಷ ಶ್ರಾದ್ಧಕ್ಕೆ ಅಣ್ಣ ಬರುವ ಹೊತ್ತಿಗೆ ಎರಡು ಗಂಟೆ ತಡವಾಗಿತ್ತು. ಅಮ್ಮ ಬೆಳಗಿನಿಂದ ನೀರೂ ಕುಡಿಯದೆ ಒದ್ದೆ ಸೀರೆಯಲ್ಲಿ ನಿಂತಿದ್ದಳು. ನಾನು ಕೆಳಗಿನ ಮನೆಯ ಕಿಟಕಿಯನ್ನು ನೋಡುತ್ತ, ಈ ಮನುಷ್ಯನಿಗೆ ಒಂದು ದಿನ ಇದರ ರುಚಿ ತೋರಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ. ಇದನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತಿದ್ದೇನೆ. ಆಮೇಲೆ ನಡೆದದ್ದಕ್ಕೆ ಜನ ನನ್ನನ್ನು ಹೊಗಳಿದರು. ಅದು ನನಗೆ ಸಲ್ಲುವುದಿಲ್ಲ.

ಮೂರನೆಯ ವರ್ಷ ಅಮ್ಮ ತೇರ್ಗಡೆಯಾದಳು. ಇಪ್ಪತ್ತನಾಲ್ಕೂ ಹೆಸರು ಗಂಟೆ ಬಾರಿಸಿದ ಹಾಗೆ ಹೇಳಿ ಮುಗಿಸಿದಳು. ಮಾಮ ಕಣ್ಣು ತೆರೆದು, ಮೊದಲ ಬಾರಿಗೆ ತಾವೇ ಅವಳ ಕೈಯಿಂದ ಚೀಲ ಇಳಿಸಿಕೊಂಡರು. "ವೈನಿ, ಸ್ವೆಟರ್ ತಗೋಳ್ರಿ," ಎಂದರು. ಅಮ್ಮನ ಮುಖವನ್ನು ನಾನು ಹಾಗೆ ಅಪ್ಪ ಬದುಕಿದ್ದಾಗಲೂ ನೋಡಿದ್ದು ಕಡಿಮೆ. ಇನ್ನು ಅವನಿಗೆ ಫೋನ್ ಮಾಡುವ ಹಾಗಿಲ್ಲ ಕಣೇ, ಇನ್ನು ಮಾಡುವ ಹಾಗಿಲ್ಲ, ಎಂದು ನನ್ನ ತೋಳು ಹಿಡಿದು ಎರಡೆರಡು ಸಲ ಹೇಳಿದಳು.

ಎಲ್ಲರದೂ ಆದ ಮೇಲೆ ಕೊನೆಗೆ ಮಾಮ ಹತ್ತುವುದು ವಾಡಿಕೆ. ತನಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡುವವರಲ್ಲ. "ಯಾರರೇ ಕೇಳ್ರಿ" ಎಂದು ಹೇಳಿ ಹೋಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಫ್ಲಾಸ್ಕಿನ ಕಾಫಿ ತೆರೆದಿರುತ್ತಿತ್ತು. ಆ ದಿನ ನಾನು ಕೇಳಿದೆ. ಅವರು ಮೇಲೆ ಬಂದಾಗ ತುಟಿಯ ಬಣ್ಣ ಕೆಟ್ಟಿತ್ತು. ಕಾಲು ಊದಿದ್ದರಿಂದ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದರು. ಹೆಸರು ಶುರುವಾಯಿತು. ಪದ್ಮನಾಭ ಎಂದರು. ದಾಮೋದರ ಎಂದರು. ನಿಂತರು. ನಿಂತದ್ದು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು. ಆಮೇಲೆ ಸಂಕರ್ಷಣ ಎಂದು ಮುಂದುವರಿಸಿ ಮುಗಿಸಿದರು. ಹತ್ತಿರವಿದ್ದ ಒಂದಿಬ್ಬರಿಗೆ ಕೇಳಿಸಿತ್ತು. ಅವರು ಕಾಫಿಯ ಲೋಟದೊಳಗೆ ನೋಡಿದರು.

"ಮಾಮ," ಎಂದೆ. "ದಾಮೋದರ."

ನನ್ನ ದನಿ ಅವರದೇ ದನಿಯ ಹಾಗೆ ಇತ್ತು. ಎರಡು ವರ್ಷ ಅದನ್ನು ಬಾಯಿಪಾಠ ಮಾಡಿದ್ದೆನಲ್ಲ. ಅಮ್ಮ ನನ್ನ ಸೆರಗು ಹಿಡಿದು ಎಳೆದಳು. ಮಾಮ ಬಲಗಿವಿಯನ್ನು ನನ್ನ ಕಡೆ ಚಾಚಿ, "ಇನ್ನೊಮ್ಮೆ ಹೇಳು" ಎಂದರು. ಆಗಲೂ ನನಗೆ ತಿದ್ದಿಕೊಳ್ಳಲು ದಾರಿಯಿತ್ತು. ಸಂತೆಯಲ್ಲಿ ಕೂಗುವ ಹಾಗೆ ಕೂಗಿ ಹೇಳಿದೆ. "ದಾಮೋದರಕ್ಕೆ ನಿಂತಿರಿ ಮಾಮ. ಹನ್ನೆರಡಕ್ಕೆ ಇಪ್ಪತ್ನಾಲ್ಕು ಅನ್ನೋ ಹಾಗಿಲ್ಲ."

"ಖರೇ ಅದ," ಎಂದರು. ಪುಸ್ತಕ ತೆಗೆದು ಮೊದಲ ಸಾಲಿನ ತಮ್ಮ ಹೆಸರಿನ ಮೇಲೆ ಗೆರೆ ಎಳೆದರು. ಪುಸ್ತಕ ಮುಚ್ಚಿ, "ಹಂಗಂದ್ರ ಈ ವರ್ಷ ಯಾತ್ರಾ ಇಲ್ಲ. ಎಲ್ಲಾರೂ ಮನಿಗೆ ನಡೀರಿ," ಎಂದರು.

ಸೇಡಿನ ಬಿಸಿಯಲ್ಲಿ ನನಗೆ ಅಷ್ಟೂ ಹೊಳೆದಿರಲಿಲ್ಲ. ಮೆಟ್ಟಿಲು ಇಳಿಯುತ್ತ ಅಮ್ಮನ ಮುಖ ನೋಡಿದೆ. ಆಗ ಹೊಳೆಯಿತು. ಕೈಗೆ ಬಂದ ತುತ್ತನ್ನು ಅವಳ ಬಾಯಿಗೆ ಸೇರದ ಹಾಗೆ ಕಿತ್ತವಳು ನಾನೇ. ಅಮ್ಮ ಬೈಯಲಿಲ್ಲ. ಮನೆಗೆ ಬಂದು ಅಕ್ಕಿಯನ್ನು ಡಬ್ಬಿಗೆ ಸುರಿದು, "ನಾಳೆ ಹೇಳಿದ್ದರೆ ಆಗ್ತಿರಲಿಲ್ವೇನೇ? ಹೋಗಿ ಬಂದ ಮೇಲೆ ಹೇಳಿದ್ದರೆ ಆಗ್ತಿರಲಿಲ್ವಾ?" ಎಂದು ಕೇಳಿದಳು, ಅಷ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ಚಿಕ್ಕಂದಿನಲ್ಲಿ ಕಲಿಸಿದವಳೂ ಅವಳೇ.

ಡಾಕ್ಟರು ಮಾಮನ ಎದೆ ನೋಡಿ, ಆ ಎತ್ತರಕ್ಕೆ ಹೋಗಿದ್ದರೆ ವಾಪಸು ಬರುತ್ತಿರಲಿಲ್ಲ ಎಂದರು. ವಠಾರದವರು, ಯಾತ್ರೆಯವರು, ಗೋವಿಂದದವರು ಕೂಡ ಬಂದು, ನೀನು ಅವರ ಜೀವ ಉಳಿಸಿದೆ ಎಂದು ನನಗೆ ಹೇಳಿದರು. ನಾನು ಕೈ ಮುಗಿದೆ. ನಾನು ಹೇಳಿದ್ದು ಅವರ ಎದೆ ಉಳಿಯಲಿ ಎಂದಲ್ಲ, ಅವರ ಮುಖ ಬಾಡಲಿ ಎಂದು.

ಅಮ್ಮನಿಗಾಗಿ ನಾಚಿಕೆ ಬಿಟ್ಟು ಕೆಳಗಿಳಿದು ಹೋದೆ. ಮಾಮ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಎತ್ತಿಟ್ಟುಕೊಂಡು ಕೂತಿದ್ದರು. ಬದರಿಯ ಪುರೋಹಿತರ ನಂಬರು ಕೇಳಿದೆ. ಕೊಸರಾಡದೆ ಹೇಳಿದರು. ಅಲ್ಲಿಯೇ ಕೂತು ಫೋನ್ ಮಾಡಿದೆ. ಹಿಂದಿಯಲ್ಲಿ ಮಾತಾಡಿದ ಆ ವೃದ್ಧರ ದನಿ ಬಹಳ ಮೃದು. ನಿಮ್ಮ ರಾಯರು ಎದುರಿಗೆ ನಿಂತರೆ ಸರಿ, ಅವರನ್ನು ನಾನು ಬಲ್ಲೆ, ಇಲ್ಲದಿದ್ದರೆ ಗೋತ್ರದ ಗಂಡಸನ್ನೇ ಕರೆದುಕೊಂಡು ಬಾ ತಾಯಿ ಎಂದರು. ಮಾಮ ಫೋನ್ ತೆಗೆದುಕೊಂಡು ಅವರನ್ನು ಬೇಡಿಕೊಂಡರು. ಬೇಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಕಡೆಯ ದನಿ ಮೃದುವಾಗಿಯೇ ಇಲ್ಲ ಎಂದಿತು.

ಫೋನ್ ಕೊಟ್ಟು ಮಾಮ ಹೇಳಿದರು. "ನನಗ ಗೊತ್ತಿತ್ತು ತಂಗಿ. ದೀಪಾವಳಿಯಿಂದನೂ ಗೊತ್ತಿತ್ತು, ಈ ಎದಿ ಇನ್ನ ನಡಿಯಂಗಿಲ್ಲ ಅಂತ. ಈ ಸಲ ಅಲ್ಲೇ ಇದ್ದುಬಿಡಬೇಕು ಅಂತ ಮಾಡಿದ್ದೆ. ವೈನಿದು ಕೆಲಸ ಮುಗಿಸಿಕೊಟ್ಟು, ಅಲ್ಲೇ."

"ಹದಿನೆಂಟು ಜನರನ್ನು ಅಷ್ಟು ಎತ್ತರದಲ್ಲಿ ನಡುನೀರಿನಲ್ಲಿ ಬಿಟ್ಟಾ? ಬದರಿಯಲ್ಲಿ ಸತ್ತರೆ ಪುಣ್ಯ ಅಂದವರಿಗೆ ನೀವೇ ಬೈತಿದ್ರಲ್ಲ ಮಾಮ?"

ಅವರು ತಮ್ಮ ಊದಿದ ಕಾಲನ್ನು ನೋಡಿಕೊಂಡರು. "ನೀನು ಸೇಡಿಗೆ ಹೇಳಿದಿ. ಅದೂ ಗೊತ್ತದ. ಆದ್ರ ಹೇಳಬೇಕಾದ ಮಾತೇ ಹೇಳಿದಿ. ಉಳಿದವ್ರು ಕಾಫಿ ಕುಡದ್ರು." ಆಮೇಲೆ ತಮಗೆ ತಾವೇ ಎಂಬಂತೆ, "ಏನ್ ಉಳಿಸಿದಿ ನೋಡು. ಈ ಕುರ್ಚಿ ಉಳಿಸಿದಿ," ಎಂದರು.

ಆ ಕುರ್ಚಿಯ ಮೇಲೆ ಇನ್ನು ಹತ್ತು ತಿಂಗಳು ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ನಿದ್ದೆಯೂ ಕುರ್ಚಿಯಲ್ಲೇ. ನಾನು ಆಫೀಸಿಗೆ ಹೋಗುವಾಗ, ಬರುವಾಗ ನೋಡುತ್ತಿದ್ದರು. ಒಂದು ದಿನವೂ ಮತ್ತೆ ಆ ಮಾತೆತ್ತಲಿಲ್ಲ. ಅಮ್ಮ ದಿನಾ ಉಪ್ಪಿಲ್ಲದ ಸಾರು ಮಾಡಿ ಕಳಿಸುತ್ತಿದ್ದಳು. ಮಾಘಮಾಸದ ಒಂದು ಬೆಳಗ್ಗೆ ಕುರ್ಚಿಯಲ್ಲೇ ತೀರಿಕೊಂಡರು. ಬಾಯಿ ತೆರೆದಿತ್ತು.

ಅವರ ಮಗ ಇರುವುದು ಹೈದರಾಬಾದಿನಲ್ಲಿ. ವರ್ಷದ ಕರ್ಮ ಮುಗಿದ ಮೇಲೆ ಬಂದ ವೈಶಾಖದಲ್ಲಿ ಅವನು ಯಾವುದೋ ಪ್ಯಾಕೇಜ್ ಟೂರಿನಲ್ಲಿ ಮಾಮಿಯನ್ನು ಕರೆದುಕೊಂಡು ಬದರಿಗೆ ಹೋಗಿ ಬ್ರಹ್ಮಕಪಾಲದಲ್ಲಿ ಅಪ್ಪನಿಗೆ ಪಿಂಡ ಇಟ್ಟು ಬಂದ. ಮೂರನೆಯ ಹೆಸರಿಗೇ ಕುಸಿದಿದ್ದ ಮಾಮಿ, ಎಪ್ಪತ್ತು ದಾಟಿದವರು, ಮುಖದ ತುಂಬ ಬಿಸಿಲು ಹೊಡೆಸಿಕೊಂಡು ಗಟ್ಟಿಮುಟ್ಟಾಗಿ ವಾಪಸು ಬಂದರು. ಪ್ರಸಾದ ಹಿಡಿದು ಮೇಲೆ ಹತ್ತಿ ಬಂದು ಅಮ್ಮನ ಹತ್ತಿರ ಕೂತರು. "ಏನೂ ಆಗಲಿಲ್ರಿ ವೈನಿ. ಬಸ್ಸಿನಾಗ ಕೂತೆ, ಇಳದೆ, ನಮಸ್ಕಾರ ಮಾಡಿದೆ. ಒಂದು ಕೆಮ್ಮು ಸೈತ ಬರಲಿಲ್ಲ. ಹದಿನಾಲ್ಕು ವರ್ಷ ನನ್ನ ಯಾಕ ಬಿಟ್ಟು ಹೋದ್ರೋ ಏನೋ." ಹೇಳುತ್ತ ಹೇಳುತ್ತ ಅತ್ತರು. ದುಃಖಕ್ಕೋ ಸಿಟ್ಟಿಗೋ ಅವರಿಗೇ ಗೊತ್ತಿರಲಿಲ್ಲ.

ಅಮ್ಮ ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು. "ನಿಮಗೆ ಮಗ ಇದ್ದಾನೆ," ಎಂದಳು.

ಮಾಮ ಕಟುಕರೇ? ಆ ಪರೀಕ್ಷೆಗೆ ಅರ್ಥವಿತ್ತೇ? ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಒಂದು ಮಾತ್ರ ಗೊತ್ತು. ನಮ್ಮಮ್ಮನ ಕೈಯ ದರ್ಭೆಗೆ ಬೆಲೆಯಿದೆ ಎಂದು, ಎಷ್ಟೋ ಮೈಲಿ ಆಚೆಯ ಒಬ್ಬ ಪುರೋಹಿತರ ಎದುರು ನಿಂತು ಹೇಳಲು ತಯಾರಿದ್ದ ಗಂಡಸು ಈ ಊರಿನಲ್ಲಿ ಅವರೊಬ್ಬರೇ. ಅವರ ಬಾಯಿಂದ ಆ ಮಾತು ಬರದ ಹಾಗೆ ಮಾಡಿದವಳು ನಾನು. ಈ ಋಣಕ್ಕೆ ಯಾವ ಕ್ಷೇತ್ರದಲ್ಲೂ ಪಿಂಡವಿಲ್ಲ.

ಮುಂದಿನ ಮಳೆಗಾಲದಲ್ಲಿ ಒಂದು ವಾರದ ಜ್ವರಕ್ಕೆ ಅಮ್ಮ ಹೋದಳು. ಬೆಂಕಿ ಇಡಲು ಅಣ್ಣ ಬಂದ, ವಾಚು ನೋಡಿಕೊಂಡ, ಹೋದ. ಈಚೆಗೆ ಅವಳ ಮೊದಲ ವರ್ಷದ ತಿಥಿ ಹತ್ತಿರ ಬಂದಿತು. ನಾಲ್ಕು ದಿನ ಪ್ರಯತ್ನಿಸಿದ ಮೇಲೆ ಫೋನ್ ಎತ್ತಿದ. ಹೇಳಿದೆ. ಅವನು ಆ ಕಡೆ ಲೆಕ್ಕ ಹಾಕಿದ.

"ಅಂದ್ರೆ ಇನ್ಮೇಲೆ ವರ್ಷಕ್ಕೆ ಎರಡು ಸಲಾನಾ?" ಎಂದು ಕೇಳಿದ.

"ಹೌದಣ್ಣ, ಎರಡು ಸಲ. ದಯವಿಟ್ಟು," ಎಂದೆ.